ಎರಡು ಸಲ ಟಿವಿ ಬೇಡವೆಂದ ಇಗ್ಲೂಲಿಕ್

ಕೆನಡಾದ ಉತ್ತರದಲ್ಲಿರುವ ಇಗ್ಲೂಲಿಕ್ ಊರಿನ ಜನ 1975ರಲ್ಲಿ ಮತ ಹಾಕಿದರು. ಊರಿಗೆ ಟಿವಿ ಬೇಕಾ, ಬೇಡವಾ ಅನ್ನೋದು ಪ್ರಶ್ನೆ. ಬೇಡ ಎಂದರು. 1979ರಲ್ಲಿ ಮತ್ತೆ ಮತದಾನವಾಯಿತು. ಆಗಲೂ ಬೇಡ ಎಂದರು. ಕೊನೆಗೆ ಒಪ್ಪಿದ್ದು 1983ರಲ್ಲಿ.

ಡಿಶ್, ಟ್ರಾನ್ಸ್‌ಮಿಟರ್‌ಗಳ ನಡುವೆಯೇ ಕೆಲಸ ಮಾಡಿಕೊಂಡು ಬಂದವನು ನಾನು. ನಮ್ಮ ಕಸುಬಿನಲ್ಲಿ ಒಂದು ಊರಿಗೆ ಸಿಗ್ನಲ್ ಮುಟ್ಟಿತು ಅಂದರೆ ಕೆಲಸ ಮುಗಿದ ಹಾಗೆ. ನಕ್ಷೆಯ ಮೇಲೆ ವೃತ್ತ ಎಳೆದು, ಇಷ್ಟು ಜನಕ್ಕೆ ಟಿವಿ ತಲುಪಿತು ಎಂದು ವರದಿ ಬರೆಯುತ್ತೇವೆ. ಇಗ್ಲೂಲಿಕ್‌ನವರ ತಕರಾರು ಸಿಗ್ನಲ್ ಬಗ್ಗೆ ಇರಲೇ ಇಲ್ಲ. ಬರುವ ಟಿವಿಯಲ್ಲಿ ತಮ್ಮ ಭಾಷೆ ಇನುಕ್ಟಿಟುಟ್ ಇಲ್ಲ ಅನ್ನೋದೇ ತಕರಾರು. ಅವರ ಮಾತು ಸರಿಯಾಗಿತ್ತು ಎಂದೇ ನನ್ನ ನಂಬಿಕೆ.

ಈ ಊರು ಇರುವುದು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಂದಿನ ನೂನಾವುಟ್ ಪ್ರಾಂತ್ಯದಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ನಾಡು ಅದು. ಅಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ವಿಮಾನವೇ ಗತಿ, ಬೇಸಿಗೆಯಲ್ಲಿ ಹಡಗು. ಉತ್ತರದ ಊರುಗಳಿಗೆ ಮೊದಲು ಟಿವಿ ಬಂದಿದ್ದೂ ವಿಮಾನದಲ್ಲೇ. 1967ರಿಂದ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ, ದಿನಕ್ಕೆ ನಾಲ್ಕು ಗಂಟೆಯ ಕಾರ್ಯಕ್ರಮವನ್ನು ಟೇಪ್‌ನಲ್ಲಿ ತುಂಬಿ ಕೆಲವು ಊರುಗಳಿಗೆ ಕಳಿಸುತ್ತಿತ್ತು. ಮೊದಲ ಸರದಿ ಯೆಲ್ಲೋನೈಫ್ ಎಂಬ ಊರಿನದು.

1972ರ ನವೆಂಬರ್‌ನಲ್ಲಿ ಅನಿಕ್ ಎ1 ಉಪಗ್ರಹ ಹಾರಿತು. ಒಂದು ದೇಶ ತನ್ನ ಒಳಗಿನ ಸಂಪರ್ಕಕ್ಕೆಂದೇ ಭೂಸ್ಥಿರ ಕಕ್ಷೆಗೆ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆ) ಉಪಗ್ರಹ ಕಳಿಸಿದ್ದು ಪ್ರಪಂಚದಲ್ಲಿ ಅದೇ ಮೊದಲು. 1973ರಿಂದ ಸಿಬಿಸಿ ಉತ್ತರಕ್ಕೆ ನೇರವಾಗಿ ಬರತೊಡಗಿತು. ಮರುವರ್ಷ, 500 ಜನಸಂಖ್ಯೆ ದಾಟಿದ ಎಲ್ಲ ಊರಿಗೂ ಸಿಬಿಸಿ ತಲುಪಿಸುವ ಯೋಜನೆ ಶುರುವಾಯಿತು.

ಅಲ್ಲಿನ ಡಿಶ್‌ಗಳನ್ನು ನೋಡಿದರೆ ನಮ್ಮವರಿಗೆ ವಿಚಿತ್ರ ಅನಿಸುತ್ತದೆ. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಬೆಂಗಳೂರಿನಲ್ಲಿ ಡಿಶ್ ತಿರುಗಿಸಿದರೆ ಎಲಿವೇಶನ್, ಅಂದರೆ ದಿಗಂತದಿಂದ ಮೇಲಕ್ಕೆ ಎತ್ತಿದ ಕೋನ, 70 ಡಿಗ್ರಿ ದಾಟುತ್ತದೆ. ಹೆಚ್ಚುಕಡಿಮೆ ನೆತ್ತಿಯ ಮೇಲೆ. ಇಗ್ಲೂಲಿಕ್‌ನಿಂದ ಅನಿಕ್ ಕಾಣುವುದು ಸುಮಾರು 10 ಡಿಗ್ರಿಯಲ್ಲಿ. ಡಿಶ್ ಆಕಾಶ ಬಿಟ್ಟು ದಿಗಂತ ನೋಡುತ್ತಾ ನಿಂತಿರುತ್ತದೆ. ಎದುರಿಗೆ ಸಣ್ಣ ಗುಡ್ಡ ಇದ್ದರೂ ಸಿಗ್ನಲ್ ಇಲ್ಲ. ವಾತಾವರಣದೊಳಗೆ ಸಿಗ್ನಲ್ ಓರೆಯಾಗಿ, ತುಂಬಾ ದೂರ ಸಾಗಬೇಕು. ನೆಲದ ಶಾಖದಿಂದ ಬರುವ ನಾಯ್ಸ್, ಅಂದರೆ ಬೇಡದ ರೇಡಿಯೋ ಗದ್ದಲ, ಕೂಡ ಡಿಶ್‌ಗೆ ನುಗ್ಗುತ್ತದೆ. ಹಾಗಾಗಿ ದೊಡ್ಡ ಡಿಶ್ಶೇ ಬೇಕು. 81 ಡಿಗ್ರಿ ಅಕ್ಷಾಂಶ ದಾಟಿದರೆ ಉಪಗ್ರಹ ದಿಗಂತದ ಕೆಳಗೆ ಇಳಿದುಬಿಡುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ತಲುಪಿಸಿದ್ದು ಏನನ್ನು? ದಕ್ಷಿಣದ ನಗರಗಳ ಕಾರ್ಯಕ್ರಮಗಳನ್ನು, ಹೆಚ್ಚಿನದು ಇಂಗ್ಲಿಷಿನಲ್ಲಿ. ಅಜ್ಜ ಅಜ್ಜಿಯರಿಗೆ ಆ ಭಾಷೆ ಬಾರದು. ಮಕ್ಕಳು ಅದರಲ್ಲೇ ಮುಳುಗಿದರು. ಆಮೇಲೆ ಇನ್ಯೂಟ್ ಪ್ರಸಾರ ಸಂಸ್ಥೆಯ ಅಧ್ಯಕ್ಷೆಯಾದ ರೋಸ್‌ಮೇರಿ ಕುಪ್ತಾನಾ ಈ ಟಿವಿಯನ್ನು ನ್ಯೂಟ್ರಾನ್ ಬಾಂಬಿಗೆ ಹೋಲಿಸಿದ್ದರು. ಕಟ್ಟಡ ಹಾಗೇ ಉಳಿಯುತ್ತದೆ, ಜನ ಸಾಯುತ್ತಾರೆ. ಖಾರವಾದ ಮಾತು. ಆದರೆ ಹೊರಗಿನ ಟಿವಿ ಮಾತ್ರ ಬಂದು, ತಮ್ಮದು ಇಲ್ಲದೇ ಹೋದಾಗ ಏನಾಗುತ್ತದೆ ಅನ್ನೋದನ್ನು ಅವರು ಕಣ್ಣಾರೆ ಕಂಡಿದ್ದರು.

ಈಗ ತಾಂತ್ರಿಕ ವಿಷಯ. ಸಿಗ್ನಲ್ ಹಿಡಿಯುವುದು ಸುಲಭ, ಕಳಿಸುವುದು ಕಷ್ಟ. ಉಪಗ್ರಹದಿಂದ ಕೆಳಗೆ ಬರುವ ಡೌನ್‌ಲಿಂಕ್‌ಗೆ ಡಿಶ್, ರಿಸೀವರ್ ಇದ್ದರೆ ಸಾಕು. ಮೇಲಕ್ಕೆ ಕಳಿಸುವ ಅಪ್‌ಲಿಂಕ್‌ಗೆ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕು, ಪರವಾನಗಿ ಬೇಕು, ಉಪಗ್ರಹದಲ್ಲಿ ಜಾಗ ಬೇಕು. ಆ ಕಾಲದ ಅನಲಾಗ್ ತಂತ್ರದಲ್ಲಿ ಒಂದು ಟಿವಿ ಚಿತ್ರ ಸಾಮಾನ್ಯವಾಗಿ ಒಂದು ಇಡೀ ಟ್ರಾನ್ಸ್‌ಪಾಂಡರನ್ನೇ (ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಉಪಗ್ರಹದ ಘಟಕ) ನುಂಗುತ್ತಿತ್ತು. ಅನಿಕ್ ಎ1ರಲ್ಲಿ ಇದ್ದಿದ್ದೇ 12 ಟ್ರಾನ್ಸ್‌ಪಾಂಡರ್. ಮಾತಾಡುವ ಹಕ್ಕು ಯಾರಿಗೆ ಅನ್ನೋದು ಹೀಗೆ ಯಂತ್ರದ ಲೆಕ್ಕದಲ್ಲೇ ತೀರ್ಮಾನವಾಗಿಬಿಡುತ್ತದೆ. ಇದನ್ನು ನಾವು ಎಂಜಿನಿಯರುಗಳು ಜೋರಾಗಿ ಹೇಳುವುದು ಕಡಿಮೆ.

ಇಗ್ಲೂಲಿಕ್ ಮೊದಲ ಸಲ ಮತ ಹಾಕಿದ ಅದೇ 1975ರ ಆಗಸ್ಟ್ 1ರಂದು ನಮ್ಮಲ್ಲಿ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಮುಟ್ಟಿಸುವ ಸೈಟ್ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹ ಅದಕ್ಕೂ ಮೊದಲು ಅಲಾಸ್ಕಾದ ದೂರದ ಹಳ್ಳಿಗಳಿಗೆ ವೈದ್ಯಕೀಯ ನೆರವು ಮುಟ್ಟಿಸುವ ಪ್ರಯೋಗದಲ್ಲಿತ್ತು. ಅದನ್ನೇ ಪೂರ್ವಕ್ಕೆ ಸರಿಸಿ ಒಂದು ವರ್ಷ ಭಾರತಕ್ಕೆ ಕೊಟ್ಟರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಅದರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಇದ್ದವು. ಉಪಗ್ರಹದ ಆಂಟೆನಾ 9 ಮೀಟರ್ ಅಗಲ ಇದ್ದಿದ್ದರಿಂದ, ಹಳ್ಳಿಯಲ್ಲಿ 3 ಮೀಟರ್‌ನ ತಂತಿ ಬಲೆಯ ಡಿಶ್ ಸಾಕಾಯಿತು. ನಮಗೆ ಕನ್ನಡ ಕೇಳುವ ಭಾಗ್ಯ ಇತ್ತು, ಅದು ದೊಡ್ಡ ವಿಷಯವೇ. ಆದರೆ ಆ ಹಳ್ಳಿಗಳಿಂದ ಉಪಗ್ರಹಕ್ಕೆ ವಾಪಸ್ ಹೋಗುವ ದಾರಿ ಮಾತ್ರ ಇರಲಿಲ್ಲ.

ಇನ್ಯೂಟ್ ಜನ ಆ ದಾರಿಯನ್ನೇ ಪಟ್ಟು ಹಿಡಿದು ಕೇಳಿದರು. ಅವರ ಸಂಘಟನೆ ಇನ್ಯೂಟ್ ತಪಿರಿಸಾತ್, ಇನುಕ್ಷುಕ್ ಎಂಬ ಯೋಜನೆ ಹಾಕಿಕೊಂಡು, ತಮ್ಮವರಿಗೇ ಕ್ಯಾಮೆರಾ, ಎಡಿಟಿಂಗ್ ಕಲಿಸಿತು. 1980ರಲ್ಲಿ ಅನಿಕ್ ಬಿ ಉಪಗ್ರಹದ ಮೂಲಕ ಪ್ರಸಾರ ನಡೆಯಿತು. ಇಂದು ಇಕಾಲುಯಿಟ್ ಎಂದು ಕರೆಯುವ ಊರಿನಿಂದ ಚಿತ್ರ ಹೋಗುತ್ತಿತ್ತು, ಬೇರೆ ಊರುಗಳಿಂದ ಧ್ವನಿ ವಾಪಸ್ ಬರುತ್ತಿತ್ತು. ಧ್ವನಿಗೆ ಬೇಕಾಗುವ ಬ್ಯಾಂಡ್‌ವಿಡ್ತ್, ಅಂದರೆ ಉಪಗ್ರಹದಲ್ಲಿ ಹಿಡಿಯುವ ಜಾಗ, ಅತಿ ಕಡಿಮೆ, ಹಾಗಾಗಿ ಅದು ಸಾಧ್ಯವಾಯಿತು. ಸಾವಿರಾರು ಕಿಲೋಮೀಟರ್ ದೂರದ ಊರುಗಳವರು ತಮ್ಮ ಭಾಷೆಯಲ್ಲೇ ಕಾರ್ಯಕ್ರಮ ನೋಡುತ್ತಾ, ನಡುವೆಯೇ ಮಾತೂ ಆಡಿದರು. ನನ್ನ ಮಟ್ಟಿಗೆ ಈ ಇತಿಹಾಸದ ಅತಿ ದೊಡ್ಡ ಘಟನೆ ಇದೇ.

ಅದರಿಂದ ಹುಟ್ಟಿದ್ದು ಇನ್ಯೂಟ್ ಪ್ರಸಾರ ಸಂಸ್ಥೆ, ಐಬಿಸಿ. 1981ರಲ್ಲಿ ಲೈಸೆನ್ಸ್, 1982ರ ಜನವರಿಯಲ್ಲಿ ಪ್ರಸಾರ. ಇಗ್ಲೂಲಿಕ್ ಮನಸ್ಸು ಬದಲಿಸಿದ್ದು ಇದರ ನಂತರ. ಆ ಊರಿನ ಜಕರಾಯಸ್ ಕುನುಕ್, ಊರಿಗೆ ಟಿವಿಯೇ ಇಲ್ಲದ 1981ರಲ್ಲಿ, ತಾನು ಕಲ್ಲಿನಲ್ಲಿ ಕೆತ್ತಿದ ಶಿಲ್ಪಗಳನ್ನು ಮಾರಿ ವಿಡಿಯೋ ಕ್ಯಾಮೆರಾ ಕೊಂಡಿದ್ದರು. ಐಬಿಸಿಯಲ್ಲಿ ದುಡಿದರು, ಆಮೇಲೆ ಗೆಳೆಯರ ಜೊತೆ ಇಸುಮಾ ಎಂಬ ಚಿತ್ರ ನಿರ್ಮಾಣ ಸಂಸ್ಥೆ ಕಟ್ಟಿದರು. 2001ರಲ್ಲಿ ಅವರ ಇನುಕ್ಟಿಟುಟ್ ಸಿನಿಮಾ ಕಾನ್ ಚಿತ್ರೋತ್ಸವದಲ್ಲಿ, ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿ'ಓರ್ ಪ್ರಶಸ್ತಿ ಗೆದ್ದಿತು.

ಮೈನಸ್ 30 ಡಿಗ್ರಿಯಲ್ಲಿ ಶೂಟ್ ಮಾಡೋದು ಸುಮ್ನೆ ಅಲ್ಲ. ಬ್ಯಾಟರಿ ಬೇಗ ಸಾಯುತ್ತದೆ. ಕ್ಯಾಮೆರಾ ಒಳಗೆ ತಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ರೆಕಾರ್ಡರ್‌ನ ಹೆಡ್ ಡ್ರಮ್ (ಟೇಪ್ ಸುತ್ತಿ ಓಡುವ ಉರುಳೆ) ಒದ್ದೆಯಾದರೆ ಟೇಪ್ ಅಂಟಿಕೊಂಡು ಹರಿಯುತ್ತದೆ.

ಐಬಿಸಿಯವರಿಗೆ ಸ್ಟುಡಿಯೋ ಬಂತು, ತಮ್ಮದೇ ಚಾನೆಲ್ ಬಂದಿರಲಿಲ್ಲ. ಸಿಬಿಸಿಯ ಉತ್ತರದ ಪ್ರಸಾರದಲ್ಲೇ ಅವರು ಜಾಗ ಮಾಡಿಕೊಳ್ಳಬೇಕಿತ್ತು, ಸಿಗುತ್ತಿದ್ದಿದ್ದು ಹೆಚ್ಚಾಗಿ ತಡರಾತ್ರಿಯ ಸ್ಲಾಟ್. ಮಕ್ಕಳ ಕಾರ್ಯಕ್ರಮ ತಕುಗಿನಾಯ್ ಅನ್ನು ಐಬಿಸಿ 1987ರಲ್ಲಿ ಶುರು ಮಾಡಿತು. ಮಕ್ಕಳ ಕಾರ್ಯಕ್ರಮಕ್ಕೆ ಸಂಜೆಯ ಹೊತ್ತು ಬೇಕು ಅಲ್ವಾ? 1992ರ ಜನವರಿಯಲ್ಲಿ ಉತ್ತರದ ಮೂಲನಿವಾಸಿ ಪ್ರಸಾರಕರೆಲ್ಲ ಸೇರಿ ಟೆಲಿವಿಷನ್ ನಾರ್ದರ್ನ್ ಕೆನಡಾ ಆರಂಭಿಸಿದರು. ಲ್ಯಾಬ್ರಡಾರ್‌ನಿಂದ ಯೂಕಾನ್‌ವರೆಗೆ, ಅವರದೇ ಚಾನೆಲ್. 1999ರ ಸೆಪ್ಟೆಂಬರ್ 1ರಂದು ಅದು ಎಪಿಟಿಎನ್ ಎಂಬ, ಮೂಲನಿವಾಸಿಗಳ ದೇಶವ್ಯಾಪಿ ಚಾನೆಲ್ ಆಯಿತು. ಹರವು ಜಾಸ್ತಿಯಾದಾಗ ಸಮಯವನ್ನು ಹತ್ತಾರು ಭಾಷೆಗಳಿಗೆ ಹಂಚಬೇಕಾಯಿತು. ದಿನವಿಡೀ ಇನ್ಯೂಟ್ ಭಾಷೆಯದೇ ಚಾನೆಲ್ ಉವಗುಟ್ ಟಿವಿ, ಇಸುಮಾ ಬಳಗದ ಶ್ರಮದಿಂದ 2021ರ ಜನವರಿಯಲ್ಲಿ ಬಂತು.

ಈಗ ನನಗೆ ಚಿಂತೆ ಹಳೆಯ ಟೇಪ್‌ಗಳದ್ದು. ಐಬಿಸಿಯಂಥ ಸಂಸ್ಥೆಗಳು ದಾಖಲಿಸಿದ ಹಿರಿಯರ ಮಾತುಗಳು ಬೇರೆಲ್ಲೂ ಸಿಗುವುದಿಲ್ಲ. ಮ್ಯಾಗ್ನೆಟಿಕ್ ಟೇಪ್ ವಯಸ್ಸಾದಂತೆ ಅಂಟಂಟಾಗುತ್ತದೆ, ಲೇಪನ ಉದುರುತ್ತದೆ. ಅದನ್ನು ಓಡಿಸುವ ಯು-ಮ್ಯಾಟಿಕ್ ಯಂತ್ರಗಳು ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಗೊತ್ತಿರುವವರೂ ಕಡಿಮೆಯಾಗುತ್ತಿದ್ದಾರೆ. ಡಿಜಿಟಲೀಕರಣಕ್ಕೆ ಹಣ ಹಾಕುವವರು ಮೊದಲು ಯಂತ್ರಗಳನ್ನು ಹುಡುಕಿ ಸುಸ್ಥಿತಿಗೆ ತರಬೇಕು, ಜೊತೆಗೆ ಇನುಕ್ಟಿಟುಟ್ ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಟೇಪಿಗೂ ಯಾರು, ಎಲ್ಲಿ, ಯಾವಾಗ ಎಂದು ಬರೆಸಬೇಕು.