ಡೀಸೆಲ್ ಕಾರಿನ ಮಸಿ ಲೆಕ್ಕ ಮೊಬೈಲಿನಲ್ಲಿ

ಹುಬ್ಬಳ್ಳಿಯಲ್ಲಿ ಡೀಸೆಲ್ ಕಾರು ಇಟ್ಟುಕೊಂಡವರ ಓಡಾಟ ಸಾಮಾನ್ಯವಾಗಿ ಹೀಗಿರುತ್ತದೆ: ವಿದ್ಯಾನಗರದಿಂದ ಕೊಪ್ಪಿಕರ್ ರೋಡ್, ಅಲ್ಲಿಂದ ಗೋಕುಲ ರೋಡ್, ಸಂಜೆ ವಾಪಸ್ ಮನೆ. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಒಂದು ದಿನ ಮೀಟರಿನಲ್ಲಿ ಡಿಪಿಎಫ್ ದೀಪ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಎಚ್ಚರಿಕೆ ದೀಪ ಹತ್ತುತ್ತದೆ. ಗ್ಯಾರೇಜಿಗೆ ಹೋದರೆ, "ಹೈವೇ ಮ್ಯಾಲ ಒಂದ್ ರೌಂಡ್ ಹೊಡ್ಕೊಂಡ್ ಬರ್ರಿ" ಅನ್ನುತ್ತಾರೆ. ಸಲಹೆ ಸರಿಯೇ. ಆದರೆ ಎಷ್ಟು ದೂರ ಹೋಗಬೇಕು, ಎಲ್ಲಿ ತಿರುಗಬೇಕು? ದೀಪಕ್ಕೆ ಅದು ಗೊತ್ತಿಲ್ಲ. ಸರಿಯಾದ ಆಪ್ ಇದ್ದರೆ ಮೊಬೈಲ್ ಹೇಳುತ್ತದೆ.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಹೊರಬಿಡಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು. ಅದಕ್ಕಾಗಿ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಕೂತಿತು. ಒಳಗೆ ಜೇನುಗೂಡಿನಂಥ ಸಣ್ಣ ಕೊಳವೆಗಳು. ಒಂದರ ಬಾಯಿ ಈ ಕಡೆ ಮುಚ್ಚಿದ್ದರೆ ಪಕ್ಕದ್ದು ಆ ಕಡೆ ಮುಚ್ಚಿರುತ್ತದೆ. ಹೊಗೆ ಗೋಡೆಯ ಸಣ್ಣ ರಂಧ್ರಗಳಲ್ಲಿ ನುಸುಳಿ ಹೊರಗೆ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಮಸಿ ಜಾಸ್ತಿಯಾದಾಗ ಕಾರು ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ ಆ ಮಸಿಯನ್ನು ಸುಡುತ್ತದೆ. ಇದೇ ರೀಜನರೇಷನ್, ಚಿಕ್ಕದಾಗಿ ರೀಜನ್. ಅರ್ಧಕ್ಕೇ ಕಾರು ಆಫ್ ಮಾಡಿದರೆ ಮಸಿಯೂ ಉಳಿಯಿತು, ಸುಡದ ಡೀಸೆಲ್ ಎಂಜಿನ್ ಆಯಿಲಿಗೂ ಸೇರಿತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬೇಡಿ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇದೆ, ಕಾರಿನ ಕಂಪ್ಯೂಟರಿನಿಂದ ಮಾಹಿತಿ ಪಡೆಯುವ ಜಾಗ. ಅದಕ್ಕೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಫೋನಿಗೂ ಕಾರಿಗೂ ಮಾತುಕತೆ ಶುರು. ಫೋನ್ "01 05" ಎಂದು ಕೇಳುತ್ತದೆ, ಅಂದರೆ ಎಂಜಿನ್ ತಣ್ಣಗಿಡುವ ದ್ರವ (ಕೂಲಂಟ್) ಎಷ್ಟು ಬಿಸಿ? ಕಾರು "41 05 78" ಅನ್ನುತ್ತದೆ. 41 ಮತ್ತು 05 ನಿಮ್ಮದೇ ಪ್ರಶ್ನೆಯ ಉತ್ತರ ಇದು ಎಂಬ ಗುರುತು. ಉಳಿದ 78, ಹದಿನಾರರ ಲೆಕ್ಕದ್ದು. ನಮ್ಮ ಲೆಕ್ಕದಲ್ಲಿ 7×16+8, ಅಂದರೆ 120. ಅದರಲ್ಲಿ 40 ಕಳೆಯಿರಿ, 80 ಡಿಗ್ರಿ. ಆಪ್ ಮಾಡುವುದು ಇಷ್ಟೇ: ಸರಿಯಾದ ಪ್ರಶ್ನೆ ಕೇಳಿ, ಬಂದ ಅಂಕಿಯನ್ನು ಸರಿಯಾದ ಸೂತ್ರಕ್ಕೆ ಹಾಕುವುದು.

ತೊಡಕು ಇರುವುದೂ ಇಲ್ಲೇ. 01ರಿಂದ ಶುರುವಾಗುವ ಪ್ರಶ್ನೆಗಳು ಎಲ್ಲ ಕಂಪನಿಗಳಿಗೂ ಒಂದೇ. ಫಿಲ್ಟರಿನಲ್ಲಿ ಎಷ್ಟು ಗ್ರಾಂ ಮಸಿ ಇದೆ, ಕಳೆದ ರೀಜನ್ ಆಗಿ ಎಷ್ಟು ಕಿಲೋಮೀಟರ್ ಆಯಿತು, ಈಗ ನಡೆಯುತ್ತಿದೆಯಾ, ಇವೆಲ್ಲ ಸಾಮಾನ್ಯವಾಗಿ ಕಂಪನಿಯ ಸ್ವಂತ ಕೋಡಿನಲ್ಲಿರುತ್ತವೆ. ಆ ಕೋಡ್ ಗೊತ್ತಿಲ್ಲದ ಆಪ್ ಎಷ್ಟು ಚಂದದ ಮೀಟರ್ ಮುಳ್ಳುಗಳನ್ನು ತೋರಿಸಿದರೂ ಡಿಪಿಎಫ್ ವಿಷಯದಲ್ಲಿ ಮೂಕವೇ. ಹಾಗಾಗಿ ಸ್ಟಾರ್ ಎಷ್ಟು ಬಿದ್ದಿವೆ ಅಂತ ನೋಡಬೇಡಿ. ನಿಮ್ಮ ಮಾಡೆಲ್, ನಿಮ್ಮ ಎಂಜಿನ್, ಬಿಎಸ್6 ಎಂಬ ಪ್ರೊಫೈಲ್ (ಆ ಕಾರಿನ ಕೋಡುಗಳ ಪಟ್ಟಿ) ಅದರಲ್ಲಿ ಇದೆಯಾ ನೋಡಿ. ಕಾರ್ ಸ್ಕ್ಯಾನರ್‌ನಂಥ ಆಪ್‌ನಲ್ಲಿ ಹಲವು ಕಂಪನಿಗಳ ಪ್ರೊಫೈಲ್ ಮೊದಲೇ ಇರುತ್ತವೆ. ಟಾರ್ಕ್ ಪ್ರೋದಲ್ಲಿ ಕೋಡನ್ನೂ ಸೂತ್ರವನ್ನೂ ನಾವೇ ತುಂಬಬಹುದು. ಆಸಕ್ತಿ ಇದ್ದವರಿಗೆ ಅದೊಂದು ಹಬ್ಬ, ಉಳಿದವರಿಗೆ ತಲೆನೋವು. ಮೊದಲು ಉಚಿತ ಆವೃತ್ತಿ ಹಾಕಿ, ಮಸಿಯ ಅಂಕಿ ನಿಜಕ್ಕೂ ಬರುತ್ತದಾ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.

ಅಡಾಪ್ಟರ್ ಬಗ್ಗೆ ಎರಡು ಮಾತು. ಅಡಾಪ್ಟರಿನೊಳಗೆ ಇರುವ ಇಎಲ್ಎಂ327 ಎಂಬ ಚಿಪ್ಪಿನ ಅಗ್ಗದ ನಕಲುಗಳು ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಅಡಾಪ್ಟರುಗಳಿಗೆ ಕಂಪನಿಯ ಉದ್ದನೆಯ ಉತ್ತರ ಅರಗುವುದಿಲ್ಲ. ಆಗ ಬೈಗುಳ ತಿನ್ನುವುದು ಆಪ್! ಐಫೋನ್ ಇದ್ದವರು ಐಫೋನಿಗೆ ಹೊಂದುವ ಅಡಾಪ್ಟರನ್ನೇ ಕೊಳ್ಳಬೇಕು, ಸಾಮಾನ್ಯವಾಗಿ ಬ್ಲೂಟೂತ್ ಎಲ್ಇ ಅಥವಾ ವೈಫೈ.

ಅಂಕಿಗಳಲ್ಲೂ ಒಂದು ಸೂಕ್ಷ್ಮವಿದೆ. ಕೆಲವು ಕಾರುಗಳಲ್ಲಿ ಮಸಿಗೆ ಎರಡು ಅಂಕಿ ಬರುತ್ತವೆ. ಒಂದು, ನೀವು ಓಡಿಸಿದ ರೀತಿ ನೋಡಿ ಕಂಪ್ಯೂಟರ್ ಹಾಕಿದ ಅಂದಾಜು. ಇನ್ನೊಂದು, ಫಿಲ್ಟರಿನ ಮುಂದೆ ಮತ್ತು ಹಿಂದೆ ಇರುವ ಒತ್ತಡದ ವ್ಯತ್ಯಾಸದಿಂದ ಅಳೆದದ್ದು. ಕಾರು ನಿಂತಿರುವಾಗ ಹೊಗೆಯ ಹರಿವು ಕಡಿಮೆ, ವ್ಯತ್ಯಾಸವೂ ಕಡಿಮೆ. ಮನೆ ಮುಂದೆ ನಿಲ್ಲಿಸಿ ನೋಡಿ, 'ಫಿಲ್ಟರ್ ಕ್ಲೀನ್ ಇದೆ' ಅಂದುಕೊಳ್ಳಬಾರದು.

ಈ ಅಂಕಿಗಳನ್ನು ಕಾರು ಓಡುವಾಗ ನೋಡಲು ಹಾವೇರಿ ಕಡೆಯ ಹೆದ್ದಾರಿ ಒಳ್ಳೆಯದು. ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಊರು ದಾಟಿ ಒಂದೇ ವೇಗದಲ್ಲಿ ಹೋಗುವಾಗ ರೀಜನ್ ಶುರುವಾದರೆ ಹೊಗೆಯ ತಾಪ ಸರಸರ ಏರುತ್ತದೆ, ಮೈಲೇಜ್ ಅಂಕಿ ಕುಸಿಯುತ್ತದೆ, ಮಸಿಯ ಗ್ರಾಂ ನಿಧಾನಕ್ಕೆ ಇಳಿಯುತ್ತದೆ. ಶಿಗ್ಗಾಂವಿ ಹತ್ತಿರ ಚಹಾಕ್ಕೆ ನಿಲ್ಲಬೇಕು ಅನಿಸಿದರೂ ಅಂಕಿ ಇನ್ನೂ ಇಳಿಯುತ್ತಿದ್ದರೆ ಮುಂದಕ್ಕೆ ಹೋಗಿ, ಚಹಾ ಬಂಕಾಪುರದಲ್ಲೂ ಸಿಗುತ್ತದೆ. ಗದಗ ಕಡೆ ಹೋಗುವವರು ಸುಗ್ಗಿಯಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ರಸ್ತೆ ಮೇಲೆ ಒಕ್ಕಲು ಮಾಡಿದ ಒಣ ಹೊಟ್ಟು ಬಿದ್ದಿರುತ್ತದೆ. ರೀಜನ್ ಆದ ಬಿಸಿ ಕಾರನ್ನು ಅದರ ಮೇಲೆ ನಿಲ್ಲಿಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಕೆಲವು ಆಪ್‌ಗಳಲ್ಲಿ ನಿಂತಲ್ಲೇ ರೀಜನ್ ಮಾಡಿಸುವ ಬಟನ್ನೂ ಇರುತ್ತದೆ. ಸುಮ್ನೆ ಒತ್ತಬೇಡಿ, ಅದು ಗ್ಯಾರೇಜಿನವರ ಕೆಲಸ.

ಎಚ್ಚರಿಕೆ ದೀಪ ಆರಿಸುವ ಬಟನ್ ಇನ್ನೂ ಮೋಸದ್ದು. ಅದು ಕಂಪ್ಯೂಟರಿನ ನೆನಪನ್ನು ಅಳಿಸುತ್ತದೆ, ಮಸಿಯನ್ನಲ್ಲ. ರೀಜನ್ ಪೂರ್ತಿಯಾದ ಮೇಲೂ ಓಡುವಾಗ ಒತ್ತಡದ ವ್ಯತ್ಯಾಸ ಇಳಿಯದಿದ್ದರೆ ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಒಳಗೆ ಬೂದಿ ತುಂಬಿರಬಹುದು. ಎಂಜಿನ್ ಆಯಿಲಿನಿಂದ ಬರುವ ಈ ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ. ಆಗ ಹೈವೇ ರೌಂಡ್ ಬಿಟ್ಟು, ರೀಜನ್ನಿನ ಮುಂಚಿನ ಮತ್ತು ನಂತರದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ.