ಫೆಡರಲ್ ಕೋರ್ಟಿನಲ್ಲಿ ಅಪೀಲು: ನಾನು ದಿನ ಎಣಿಸಲು ಕಲಿತದ್ದು

ಅಮೆರಿಕದ ಫೆಡರಲ್ ಅಪೀಲು ನಿಯಮಗಳಲ್ಲಿ 4ನೇ ನಿಯಮ, ಅಂದರೆ ಅಪೀಲು ಹಾಕುವ ಗಡುವಿನ ನಿಯಮ, ಓದುತ್ತಿದ್ದೇನೆ. ಅಂಕಿಗಳು ಸುಲಭ. ಸಿವಿಲ್ ಕೇಸಿಗೆ 30 ದಿನ. ಅಮೆರಿಕ ಸರ್ಕಾರವೂ ಕಕ್ಷಿದಾರನಾಗಿದ್ದರೆ ಎಲ್ಲರಿಗೂ 60. ಕ್ರಿಮಿನಲ್ ಕೇಸಿನ ಆರೋಪಿಗೆ ಬರೀ 14. ಅಪೀಲು ಹಾಕುತ್ತೇನೆ ಅನ್ನುವ ನೋಟಿಸ್ ಕೊಡುವುದು ಮೇಲಿನ ಕೋರ್ಟಿಗಲ್ಲ, ತೀರ್ಪು ಕೊಟ್ಟ ಡಿಸ್ಟ್ರಿಕ್ಟ್ ಕೋರ್ಟಿಗೇ.

ನಾನು ಎಡವಿದ್ದು ಎಣಿಕೆ ಎಲ್ಲಿಂದ ಶುರು ಅನ್ನುವಲ್ಲಿ. ನಮ್ಮ ಲಿಮಿಟೇಷನ್ (ಕಾಲಮಿತಿ) ಕಾಯ್ದೆ ಓದಿದ ತಲೆ ನೋಡಿ, ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ತಾನಾಗಿಯೇ ಕಳೆದುಬಿಡುತ್ತದೆ. ಅಲ್ಲಿ ಅದಿಲ್ಲ. ತೀರ್ಪು ಡಾಕೆಟ್‌ನಲ್ಲಿ, ಅಂದರೆ ಕೋರ್ಟಿನ ಕೇಸು ದಾಖಲೆಯಲ್ಲಿ, ದಾಖಲಾದ ದಿನವೇ ಮುಖ್ಯ, ನಿಮ್ಮ ಕೈಗೆ ಯಾವಾಗ ಬಂತು ಅನ್ನುವುದಲ್ಲ. ಆ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಿ. ಶನಿವಾರ, ಭಾನುವಾರ, ರಜೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊನೆಯ ದಿನವೇ ರಜೆ ಆದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. 2022ರ ಮಾರ್ಚ್ 3ಕ್ಕೆ ದಾಖಲಾಗಿದ್ದರೆ 30ನೇ ದಿನ ಏಪ್ರಿಲ್ 2, ಶನಿವಾರ. ಹಾಗಾಗಿ ಸೋಮವಾರ, ಏಪ್ರಿಲ್ 4. ನಾನು ಮೊದಲ ಸಲ ಮಾರ್ಚ್ 3ನ್ನೂ ಸೇರಿಸಿ ಎಣಿಸಿ ಏಪ್ರಿಲ್ 1 ಅಂದಿದ್ದೆ. ಬೆರಳು ಮಡಚುವಾಗ ಮೊದಲ ಬೆರಳು ಮಾರ್ಚ್ 4ಕ್ಕೆ, ಅಷ್ಟೇ.

ಮರುವಿಚಾರಣೆ ಕೇಳಿ 28 ದಿನದೊಳಗೆ ಅರ್ಜಿ ಹಾಕಿದ್ದರೆ, ಅದರ ಮೇಲಿನ ಆದೇಶ ದಾಖಲಾದ ಮೇಲೆ 30 ದಿನ ಹೊಸದಾಗಿ ಶುರು.

ತಡವಾದರೆ? ವಿಳಂಬ ಮನ್ನಾ ಅರ್ಜಿ ಹಾಕಿದರಾಯ್ತು ಅಂದುಕೊಂಡಿದ್ದೆ. ಬೌಲ್ಸ್ ವಿರುದ್ಧ ರಸೆಲ್ (2007) ಓದಿ ಬೆಚ್ಚಿಬಿದ್ದೆ. ಆದೇಶ ಹೊರಬಿದ್ದ ಸುದ್ದಿಯೇ ಬೌಲ್ಸ್‌ಗೆ ಸಕಾಲಕ್ಕೆ ತಲುಪಲಿಲ್ಲ. ಇಂಥ ಹೊತ್ತಲ್ಲಿ ಗಡುವನ್ನು ಮತ್ತೆ ತೆರೆಯಬಹುದು, ಆದರೆ 14 ದಿನ ಮಾತ್ರ. ಜಡ್ಜ್ ತಪ್ಪಿ 17 ದಿನ ಕೊಟ್ಟರು, ಫೆಬ್ರವರಿ 27ರವರೆಗೆ. ಬೌಲ್ಸ್ 26ಕ್ಕೆ ಸಲ್ಲಿಸಿದ. ಜಡ್ಜ್ ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ! ಸುಪ್ರೀಂ ಕೋರ್ಟ್ 5-4ರಲ್ಲಿ ತಡವಾಯ್ತು ಎಂದಿತು. 14 ದಿನ ಕಾಯ್ದೆಯಲ್ಲೇ ಇದೆ, ಅದು ಕೋರ್ಟಿನ ಅಧಿಕಾರದ ಎಲ್ಲೆ, ಜಡ್ಜ್ ಅದನ್ನು ಹಿಗ್ಗಿಸಲಾಗದು ಅಂತ. ನನಗಿದು ಅನ್ಯಾಯ ಅನ್ನಿಸುತ್ತದೆ. ನಾಲ್ವರು ನ್ಯಾಯಮೂರ್ತಿಗಳಿಗೂ ಹಾಗೇ ಅನ್ನಿಸಿತು.

ಆದರೆ 2017ರ ಹೇಮರ್ ಕೇಸಿನಲ್ಲಿ ಗಡುವು ಬರೀ ಕೋರ್ಟಿನ ನಿಯಮದಲ್ಲಿತ್ತು, ಕಾಯ್ದೆಯಲ್ಲಿರಲಿಲ್ಲ. ಅದಕ್ಕೆ ಈ ಬಿಗಿ ಇಲ್ಲ ಎಂದಿತು ಅದೇ ಸುಪ್ರೀಂ ಕೋರ್ಟ್. ಹಾಗಾಗಿ ಗಡುವಿನ ಪ್ರಶ್ನೆ ಬಂದ ಕೂಡಲೇ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ: ಈ ಗಡುವು ಸಂಸತ್ತಿನ ಕಾಯ್ದೆಯದಾ, ಕೋರ್ಟಿನ ನಿಯಮದ್ದಾ?