ಫ್ಯಾಸೆಟ್ ಫಲಿತಾಂಶಗಳ ಸಾರ್ಟಿಂಗ್ ಮತ್ತು ಪೇಜಿಂಗ್: ಓದುತ್ತಾ ಬರೆದುಕೊಂಡ ಟಿಪ್ಪಣಿ

ಪುಸ್ತಕಗಳನ್ನು ಹುಡುಕುವ ಒಂದು ಪುಟ ಇದೆ ಅಂದುಕೊಳ್ಳಿ. ಬಲಗಡೆ ಪುಸ್ತಕಗಳ ಸಾಲು. ಎಡಗಡೆ ಪ್ರಕಾರ, ಭಾಷೆ, ವರ್ಷ ಅಂತ ಫಿಲ್ಟರ್‌ಗಳು, ಒಂದೊಂದರ ಪಕ್ಕದಲ್ಲೂ ಒಂದು ಸಂಖ್ಯೆ. ಈ ಎಡಗಡೆಯ ಪಟ್ಟಿಯೇ ಫ್ಯಾಸೆಟ್.

ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ: ಇಲ್ಲಿರುವುದು ಎರಡು ಪಟ್ಟಿ. ಎರಡಕ್ಕೂ ಸಾರ್ಟಿಂಗ್ (ಕ್ರಮವಾಗಿ ಜೋಡಿಸುವುದು) ಬೇರೆ, ಪೇಜಿಂಗ್ (ಪುಟಪುಟವಾಗಿ ತೋರಿಸುವುದು) ಬೇರೆ. ಬಲಗಡೆ ಎರಡನೇ ಪುಟಕ್ಕೆ ಹೋದರೂ ಎಡಗಡೆಯ ಸಂಖ್ಯೆ ಬದಲಾಗಬಾರದು. ಆ ಎಣಿಕೆ ಸಿಕ್ಕ ಎಲ್ಲಾ ಪುಸ್ತಕಗಳದ್ದು, ಕಣ್ಣೆದುರಿಗಿರುವ 20ರದ್ದಲ್ಲ. ಹಾಗಾಗಿ ಎರಡನೇ ಪುಟ ಕೇಳುವಾಗ ಫ್ಯಾಸೆಟ್ ಎಣಿಕೆಯನ್ನು ಮತ್ತೆ ಕೇಳಬೇಕಾಗಿಯೇ ಇಲ್ಲ. ಸುಮ್ನೆ ಸರ್ವರ್‌ಗೆ ಕೆಲಸ ಯಾಕೆ?

ಫ್ಯಾಸೆಟ್ ಪಟ್ಟಿಯನ್ನು ಸಾಮಾನ್ಯವಾಗಿ ಎರಡು ರೀತಿ ಜೋಡಿಸುತ್ತಾರೆ. ಎಣಿಕೆ ಜಾಸ್ತಿ ಇರುವುದು ಮೇಲೆ, ಇಲ್ಲವೇ ಅಕಾರಾದಿಯಾಗಿ. ಅಕಾರಾದಿ ಸುಲಭ ಅನ್ನಿಸುತ್ತದೆ, ಆದರೆ ಕನ್ನಡದಲ್ಲಿ ಒಂದು ತೊಡಕಿದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ ಆದ ತಕ್ಷಣ, ‘ವ’ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದ ಮೇಲೆ, ಕೊನೆಯಲ್ಲಿ. ಬರೀ ಕೋಡ್ ಸಂಖ್ಯೆ ನೋಡಿ ಜೋಡಿಸಿದರೆ ‘ಕಳಸ’ ಮೊದಲು, ‘ಕವಿತೆ’ ಆಮೇಲೆ ಬರುತ್ತದೆ. ನಿಘಂಟಿನಲ್ಲಿ ಇದು ಉಲ್ಟಾ. ಭಾಷೆಗೆ ತಕ್ಕ ಕೊಲೇಶನ್ (ಅಕ್ಷರಗಳ ಕ್ರಮದ) ನಿಯಮ ಹಾಕಿದರೆ ಮಾತ್ರ ಇದು ಸರಿಹೋಗುತ್ತದೆ.

ಎಣಿಕೆಯ ಪ್ರಕಾರ ಜೋಡಿಸುವುದರಲ್ಲಿ ಇನ್ನೂ ದೊಡ್ಡ ವಿಷಯ ಇದೆ. ದೊಡ್ಡ ಇಂಡೆಕ್ಸ್ (ಹುಡುಕಲು ಸಿದ್ಧಮಾಡಿಟ್ಟ ಸೂಚಿ) ಒಂದೇ ಕಡೆ ಇರುವುದಿಲ್ಲ, ಶಾರ್ಡ್ ಅನ್ನುವ ತುಂಡುಗಳಾಗಿ ಹಂಚಿಹೋಗಿರುತ್ತದೆ. ಮೂರು ಶಾರ್ಡ್ ಇವೆ, ಪ್ರತಿಯೊಂದರಿಂದಲೂ ಮೇಲಿನ ಎರಡನ್ನು ಮಾತ್ರ ತರಿಸಿಕೊಳ್ಳುತ್ತೇವೆ ಅನ್ನೋಣ.

ಮೊದಲನೆಯದರಲ್ಲಿ ಕಥೆ 50, ಕವನ 40, ನಾಟಕ 38, ಪ್ರಬಂಧ 15.
ಎರಡನೆಯದರಲ್ಲಿ ಪ್ರಬಂಧ 45, ಕಥೆ 41, ನಾಟಕ 37, ಕವನ 12.
ಮೂರನೆಯದರಲ್ಲಿ ಕವನ 42, ಪ್ರಬಂಧ 40, ನಾಟಕ 39, ಕಥೆ 10.

ಪೆನ್ನು ಹಿಡಿದು ಕೂಡಿಸಿ ನೋಡಿ. ನಿಜವಾದ ಮೊತ್ತದಲ್ಲಿ ನಾಟಕ 114, ಅದೇ ಎಲ್ಲಕ್ಕಿಂತ ಮೇಲೆ. ಆದರೆ ಯಾವ ಶಾರ್ಡ್‌ನಲ್ಲೂ ಅದು ಮೊದಲ ಎರಡರಲ್ಲಿ ಇಲ್ಲ. ಹಾಗಾಗಿ ಬರುವ ಉತ್ತರ ಕಥೆ 91, ಪ್ರಬಂಧ 85. ನಾಟಕದ ಸುಳಿವೇ ಇಲ್ಲ! ಕಥೆಯ ಎಣಿಕೆಯೂ ತಪ್ಪು, ಅದು 101 ಆಗಬೇಕಿತ್ತು. ಈ ಲೆಕ್ಕ ಕೈಯಾರೆ ಮಾಡಿದ ಮೇಲೇ ನನಗೆ ವಿಷಯ ಪೂರ್ತಿ ತಲೆಗೆ ಹೋಯಿತು.

ಇದಕ್ಕೇ ಇಲಾಸ್ಟಿಕ್‌ಸರ್ಚ್ ಅನ್ನುವ ಸರ್ಚ್ ಎಂಜಿನ್ ಪ್ರತಿ ಶಾರ್ಡ್‌ನಿಂದ ಸ್ವಲ್ಪ ಜಾಸ್ತಿ ತರಿಸಿಕೊಳ್ಳುತ್ತದೆ: ನೀವು ಕೇಳಿದ್ದರ ಒಂದೂವರೆ ಪಟ್ಟು, ಜೊತೆಗೆ 10. ಹತ್ತು ಕೇಳಿದರೆ 25. ತಪ್ಪು ಎಷ್ಟರ ಮಟ್ಟಿಗೆ ಆಗಿರಬಹುದು ಅನ್ನುವ ಮೇಲ್ಮಿತಿಯನ್ನೂ ಉತ್ತರದಲ್ಲೇ ಕೊಡುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಸೋಲರ್ ಅನ್ನುವ ಇನ್ನೊಂದು ಸರ್ಚ್ ಎಂಜಿನ್‌ನ ದಾರಿ ಸ್ವಲ್ಪ ಬೇರೆ. ಅದೂ ಜಾಸ್ತಿ ಕೇಳುತ್ತದೆ, ಆಮೇಲೆ ಆಯ್ಕೆಯಾದ ಪದಗಳಿಗೆ ಎಣಿಕೆ ಕೊಡದ ಶಾರ್ಡ್‌ಗಳನ್ನು ಇನ್ನೊಂದು ಸಲ ಕೇಳಿ ಸಂಖ್ಯೆ ಸರಿಮಾಡಿಕೊಳ್ಳುತ್ತದೆ.

ಈಗ ಬಲಗಡೆಯ ಪೇಜಿಂಗ್. ‘ಇಷ್ಟು ಬಿಟ್ಟು, ಮುಂದಿನ ಇಷ್ಟು ಕೊಡು’ ಅನ್ನುವುದು ಎಲ್ಲರೂ ಮೊದಲು ಕಲಿಯುವ ದಾರಿ. ಪುಟಕ್ಕೆ 20ರಂತೆ 500ನೇ ಪುಟ ಬೇಕು ಅಂದರೆ ಪ್ರತಿ ಶಾರ್ಡ್ ತನ್ನ ಮೇಲಿನ 10,000ವನ್ನು ಜೋಡಿಸಿ ಕೊಡಬೇಕು. ಶಾರ್ಡ್ ಐದಿದ್ದರೆ 50,000 ನಮೂದು ಒಟ್ಟುಮಾಡಿ 20ನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯಬೇಕು. ಇಲಾಸ್ಟಿಕ್‌ಸರ್ಚ್ ತಾನಾಗಿಯೇ 10,000ಕ್ಕೆ ಗೆರೆ ಎಳೆದಿದೆ. 501ನೇ ಪುಟ ಕೇಳಿದರೆ ಎರರ್ ಬರುತ್ತದೆ. ಆ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಏರಿಸಬಹುದು, ಆದರೆ ಏರಿಸಬೇಡಿ ಅಂತಲೇ ನಾನು ಹೇಳುತ್ತೇನೆ. ಅದು ಇರುವುದೇ ಮೆಮೊರಿ ಕಾಪಾಡಲಿಕ್ಕೆ.

ಅಷ್ಟು ಆಳಕ್ಕೆ ಹೋಗಲೇಬೇಕಾದರೆ ‘ಈ ಪುಸ್ತಕ ಆದಮೇಲೆ ಬರುವುದನ್ನು ಕೊಡು’ ಅಂತ ಕೇಳಿ. ಇಲಾಸ್ಟಿಕ್‌ಸರ್ಚ್‌ನಲ್ಲಿ ಇದಕ್ಕೆ ಸರ್ಚ್ ಆಫ್ಟರ್, ಸೋಲರ್‌ನಲ್ಲಿ ಕರ್ಸರ್ ಮಾರ್ಕ್. ಬೇಕಾದ ಪುಟಕ್ಕೆ ನೇರ ಜಿಗಿಯಲು ಆಗುವುದಿಲ್ಲ, ಒಂದಾದ ಮೇಲೆ ಒಂದು ಹೋಗಬೇಕು.

ಇಲ್ಲೊಂದು ಚಿಕ್ಕ ಆದರೆ ನೋವು ಕೊಡುವ ತಪ್ಪಿದೆ. ಬರೀ ವರ್ಷದ ಮೇಲೆ ಸಾರ್ಟ್ ಮಾಡಿದರೆ 2015ರ ಪುಸ್ತಕಗಳೆಲ್ಲಾ ಸಮ. ಅವುಗಳಲ್ಲಿ ಯಾವುದು ಮೊದಲು ಅನ್ನುವುದು ಒಂದು ರೆಪ್ಲಿಕಾದಿಂದ (ಶಾರ್ಡ್‌ನ ನಕಲು) ಇನ್ನೊಂದಕ್ಕೆ ಬದಲಾಗಬಹುದು. ಮೊದಲ ಪುಟದಲ್ಲಿ ನೋಡಿದ ಪುಸ್ತಕ ಎರಡನೆಯದರಲ್ಲಿ ಮತ್ತೆ ಕಾಣುತ್ತದೆ, ಇನ್ನೊಂದು ಎಲ್ಲೂ ಕಾಣುವುದೇ ಇಲ್ಲ. ಸಾರ್ಟ್‌ನ ಕೊನೆಗೆ ಪ್ರತಿ ಪುಸ್ತಕಕ್ಕೂ ಬೇರೆಯಾಗಿರುವ ಒಂದು ಐಡಿ ಸೇರಿಸಿದರೆ ಈ ಗೊಂದಲ ಹೋಗುತ್ತದೆ. ಸೋಲರ್‌ನ ಕರ್ಸರ್ ಅಂತೂ ಇದಿಲ್ಲದೆ ನಡೆಯುವುದೇ ಇಲ್ಲ.

ಎಡಗಡೆಯ ಪಟ್ಟಿಯೇ ಉದ್ದವಾದರೆ, ಉದಾಹರಣೆಗೆ ಲೇಖಕರ ಹೆಸರುಗಳು, ಅದಕ್ಕೂ ಪುಟ ಬೇಕಲ್ವಾ? ಸೋಲರ್‌ನಲ್ಲಿ ಫ್ಯಾಸೆಟ್‌ಗೇ ಆಫ್‌ಸೆಟ್ (‘ಇಷ್ಟು ಬಿಟ್ಟು’ ಅನ್ನುವ ಸಂಖ್ಯೆ) ಇದೆ. ಇಲಾಸ್ಟಿಕ್‌ಸರ್ಚ್‌ನಲ್ಲಿ ಕಾಂಪೋಸಿಟ್ ಅಗ್ರಿಗೇಶನ್ ಅನ್ನುವ ಎಣಿಕೆಯ ವಿಧಾನ ಬಳಸಬೇಕು, ಅದು ಪ್ರತಿ ಸಲ ಆಫ್ಟರ್ ಕೀ (ಎಲ್ಲಿಗೆ ನಿಂತೆವು ಅನ್ನುವ ಗುರುತು) ಕೊಟ್ಟು ಮುಂದಕ್ಕೆ ಕಳಿಸುತ್ತದೆ. ಆದರೆ ಅದು ಜೋಡಿಸುವುದು ಹೆಸರಿನ ಕ್ರಮದಲ್ಲಿ, ಎಣಿಕೆಯ ಕ್ರಮದಲ್ಲಿ ಅಲ್ಲ. ಹಾಗಾಗಿ ಮೊದಲಿಗೆ ಎಣಿಕೆ ಜಾಸ್ತಿ ಇರುವ ಹತ್ತು ಹೆಸರು ತೋರಿಸಿ, ‘ಎಲ್ಲಾ ನೋಡಿ’ ಒತ್ತಿದವರಿಗೆ ಅಕಾರಾದಿ ಪಟ್ಟಿ ಕೊಡುವುದು ನನಗೆ ಸರಿ ಅನ್ನಿಸುತ್ತದೆ. ಓದುಗರು ಆಗಲೇ ಟಿಕ್ ಮಾಡಿದ ಹೆಸರು ಆ ಹತ್ತರಲ್ಲಿ ಇಲ್ಲದಿದ್ದರೂ ಅದನ್ನು ಮೇಲೆ ಇಡಿ, ಇಲ್ಲವಾದರೆ ಟಿಕ್ ತೆಗೆಯಲು ಅವರಿಗೆ ದಾರಿಯೇ ಇರುವುದಿಲ್ಲ. ಹಾಗೆಯೇ ಫ್ಯಾಸೆಟ್ ಬದಲಾದ ಕೂಡಲೇ ಬಲಗಡೆ ಒಂದನೇ ಪುಟಕ್ಕೆ ವಾಪಸ್ ತನ್ನಿ. ಏಳನೇ ಪುಟದಲ್ಲಿದ್ದವರು ‘ನಾಟಕ’ ಒತ್ತಿದಾಗ ಸಿಗುವುದು ಆರೇ ಪುಟ ಆಗಿರಬಹುದು.